ಒಂದೇ ಚಾನೆಲ್‌ನ ಇಬ್ಬರು

ಬಟ್ಟೆ ಒಣಹಾಕುವ ಒಂದು ಮರದ ಕ್ಲಿಪ್ಪಿಗೆ ನಾನೂ ಒಬ್ಬ ಅಮೆರಿಕನ್ ತಾತನೂ ಕೆಲವು ವರ್ಷ ಪಾಲುದಾರರಾಗಿದ್ದೆವು. ಹೀಗೆ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಗೊತ್ತು. ಮೊದಲಿನಿಂದ ಹೇಳುತ್ತೇನೆ.

ನಾನು ರೇಡಿಯೋದಿಂದ ನಡೆಸುವ ಪುಟ್ಟ ವಿಮಾನ ಹಾರಿಸುತ್ತೇನೆ. ಡಾಲಸ್ಸಿನ ನಮ್ಮ ಕನ್ನಡದ ಗೆಳತಿಯರಲ್ಲಿ ಒಬ್ಬರು "ಮಕ್ಕಳ ಸಾಮಾನಲ್ವೇನ್ರೀ ಅದು?" ಎಂದು ಕೇಳಿದ್ದರು. ಅಲ್ಲ ತಾಯಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನನ್ನ ಎರಡೂ ತೋಳು ಚಾಚಿದಷ್ಟು ಅಗಲ, ಹಗುರ ಮರದ ಕಡ್ಡಿ ಜೋಡಿಸಿದ ಮೈ, ಮೂತಿಯಲ್ಲಿ ಎಣ್ಣೆ ಕುಡಿದು ಕಿರುಚುವ ನಿಜವಾದ ಇಂಜಿನ್ನು. ಅಜಾಗರೂಕತೆಯಿಂದ ಕೈ ಇಟ್ಟರೆ ಬೆರಳೇ ಹೋಗುತ್ತದೆ. ಅದನ್ನು ಮನೆಗೆ ತಂದವರು ನಮ್ಮ ಯಜಮಾನರು. ಎರಡು ಸಲ ನೆಲಕ್ಕೆ ಕುಕ್ಕಿದರು, "ಈ ಊರಿನ ಗಾಳಿ ಸರಿಯಿಲ್ಲ" ಎಂದರು, ಗ್ಯಾರೇಜಿನ ಮೂಲೆಗೆ ತಳ್ಳಿದರು. ಗಾಳಿಯ ಮೇಲೆ ತಪ್ಪು ಹೊರಿಸುವುದು ನೋಡಿ ನನಗೆ ಮೈಯೆಲ್ಲ ಉರಿಯಿತು. ಆ ಹಟಕ್ಕೇ ನಾನು ಕಲಿತೆ.

ಹಟ ಅಂದೆ, ಆದರೆ ಪೂರ್ತಿ ನಿಜ ಅದಲ್ಲ. ಎರಡು ಸಾವಿರನೇ ಇಸವಿ ದಾಟಿದ ಮೇಲಿನ ಆ ಕಾಲದಲ್ಲಿ ನಮ್ಮದು ಮೂರು ಊರಿನ ಸಂಸಾರವಾಗಿತ್ತು. ಇಲ್ಲಿ ಟೆಲಿಕಾಂ ಕೆಲಸಗಳು ಕುಸಿದಾಗ ಇವರಿಗೆ ಹೂಸ್ಟನ್ನಿನಲ್ಲಿ ಪ್ರಾಜೆಕ್ಟ್ ಸಿಕ್ಕಿ, ಅಲ್ಲೇ ಪಕ್ಕದ ಮಿಸೌರಿ ಸಿಟಿಯಲ್ಲೊಂದು ಅಪಾರ್ಟ್‌ಮೆಂಟ್ ಹಿಡಿದರು. ಮಗಳು ಆಸ್ಟಿನ್ನಿನಲ್ಲಿ ಕಾಲೇಜು. ನಾನು ಡಾಲಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿ, ನಾಲ್ಕು ಬೆಡ್‌ರೂಮಿನ ಮನೆಯಲ್ಲಿ, ಒಂದು ಪುಟ್ಟ ಕುಕ್ಕರಿನಲ್ಲಿ ಅನ್ನ ಇಟ್ಟುಕೊಂಡು. ಇವರು ವಾರ ಬಿಟ್ಟು ವಾರ ಬರುತ್ತೇನೆ ಎಂದಿದ್ದರು, ಅದು ತಿಂಗಳಿಗೊಮ್ಮೆ ಆಯಿತು. ಮಗಳಿಗೆ ಫೋನ್ ಮಾಡಿದರೆ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಎರಡು ಮಾತಿಗೆ ಇಟ್ಟುಬಿಡುವಳು. ಶುಕ್ರವಾರ ಸಂಜೆ ಆಫೀಸು ಬಿಟ್ಟರೆ ಸೋಮವಾರ ಬೆಳಗ್ಗೆಯವರೆಗೆ ನಾನು ಯಾರ ಹತ್ತಿರವೂ ಬಾಯಿ ಬಿಡದೆ ಕಳೆದ ವಾರಗಳಿವೆ. ಒಂದು ಸೋಮವಾರ ಲಿಫ್ಟಿನಲ್ಲಿ ಯಾರಿಗೋ ಗುಡ್ ಮಾರ್ನಿಂಗ್ ಹೇಳಲು ಹೋದರೆ ಗಂಟಲು ಕಟ್ಟಿತ್ತು. ಆ ಶನಿವಾರವೇ ಗ್ಯಾರೇಜಿನಿಂದ ವಿಮಾನ ಹೊರಗೆ ತೆಗೆದೆ.

ಊರಾಚೆ ಒಂದು ಕೆರೆಯ ಪಕ್ಕ ಹಾರಿಸುವ ಮೈದಾನವಿತ್ತು. ಬಂದವರೆಲ್ಲ ಮೊದಲು ಹೋಗುವುದು ಅಲ್ಲಿನ ಮರದ ಹಲಗೆಯ ಹತ್ತಿರ. ಅದರ ತುಂಬ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು. ಒಂದೊಂದು ರೇಡಿಯೋಗೆ ಒಂದೊಂದು ಚಾನೆಲ್ಲು, ಒಂದು ಚಾನೆಲ್ಲಿಗೆ ಒಂದೇ ಕ್ಲಿಪ್ಪು. ಅದು ಕೈಯಲ್ಲಿದ್ದವರು ಮಾತ್ರ ರೇಡಿಯೋ ಆನ್ ಮಾಡಬಹುದು. ಒಂದೇ ಚಾನೆಲ್ಲಿನ ಇಬ್ಬರು ಒಟ್ಟಿಗೆ ಆನ್ ಮಾಡಿದರೆ ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೋ ತಿಳಿಯದೆ ಸೀದಾ ನೆಲಕ್ಕೆ. ನನ್ನ ಚಾನೆಲ್ಲಿನಲ್ಲಿ ನಾನಲ್ಲದೆ ಇದ್ದವರು ಒಬ್ಬರೇ, ಈ ತಾತ. ಅವರು ಹಾರಿಸುವಾಗ ನಾನು ಕಾಯಬೇಕು, ನಾನು ಹಾರಿಸುವಾಗ ಅವರು.

ಎಂಬತ್ತರ ಹತ್ತಿರದ ಮನುಷ್ಯ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನನ್ನು "ಯಂಗ್ ಲೇಡಿ" ಎನ್ನುತ್ತಿದ್ದರು. ನಲವತ್ತೈದು ದಾಟಿದವಳಿಗೆ ಆ ಮಾತು ಯಾರಾದರೂ ಅಂದರೆ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ. ಕ್ಲಿಪ್ಪನ್ನು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡು ಹಾರಿಸುವರು, ಇಳಿಸಿದ ಕೂಡಲೇ ಕಿತ್ತು ನನ್ನ ಅಂಗೈಯಲ್ಲಿಟ್ಟು "ನಿನ್ನ ಸರದಿ" ಎನ್ನುವರು. ಮನೆಗೆ ಹೊರಡುವವರೆಗೆ ಅದನ್ನು ಹಲಗೆಗೆ ವಾಪಸು ಸಿಕ್ಕಿಸುವ ರೂಢಿ ನಮ್ಮಿಬ್ಬರಲ್ಲಿ ಇರಲೇ ಇಲ್ಲ.

ಇವರಿಗೆ ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಯ್ಯೋ, ಬೇರೆ ಚಾನೆಲ್ ರೇಡಿಯೋ ಒಂದು ತಗೊಳೇ. ಆ ಮುದುಕನ್ನ ಯಾಕೆ ಕಾಯ್ತಾ ನಿಂತ್ಕೋತೀಯ?" ಎಂದರು.

"ಕಾಯೋಕ್ಕೇ ಹೋಗೋದು ರೀ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಬರುಬರುತ್ತಾ ತಾತನ ಕಣ್ಣು ಮಂಜಾಯಿತು. ಹತ್ತಿರದ್ದು ಕಾಣುವುದು, ದೂರ ಹೋದ ವಿಮಾನ ಮಾತ್ರ ಕಳೆದುಹೋಗುವುದು. ಹೇಗೂ ಕಾಯುವವಳು, ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳುತ್ತಿದ್ದೆ: ಈಗ ಎಡಕ್ಕೆ ವಾಲಿದೆ, ಮೂತಿ ಸ್ವಲ್ಪ ಎತ್ತಿ, ಈಗ ನೆಟ್ಟಗಿದೆ. ಅವರ ಬೆರಳು ಕೇಳಿಸಿಕೊಂಡಷ್ಟನ್ನು ಮಾಡುತ್ತಿತ್ತು. ನಾವು ಹರಟುತ್ತಿದ್ದೇವೆ ಎಂದು ಉಳಿದವರು ತಿಳಿದಿದ್ದರೋ ಏನೋ. ನನಗಂತೂ ವಾರವೆಲ್ಲ ಆಡದೆ ಉಳಿದ ಮಾತುಗಳಿಗೆ ಅದೊಂದು ಕೆಲಸವಾಯಿತು.

ಅವರ ಊರು ದೂರದ ಮಿನೆಸೋಟಾ. ಹುಡುಗನಾಗಿದ್ದಾಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಹಾರಿಸುತ್ತಿದ್ದರಂತೆ. ಹಿಮದಲ್ಲಿ ಚಕ್ರ ಹೂತುಹೋಗುತ್ತದೆ, ಅದಕ್ಕೆ ಚಕ್ರ ಕಳಚಿ ತೆಳು ಹಲಗೆಯ ಪುಟ್ಟ ಸ್ಕೀ ಕಟ್ಟುತ್ತಾರೆ, ಜಾರಿಕೊಂಡು ಏಳುತ್ತದೆ. ಟೆಕ್ಸಸ್ಸಿಗೆ ಬಂದ ಹೊಸತರಲ್ಲಿ ಊರಿನ ನೆನಪಿಗೆಂದು ಅಂಥ ಒಂದು ಜೊತೆ ಮಾಡಿ ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದರು. ಇಲ್ಲಿ ಹಿಮ ಅಂದರೇನು, ಗೋಧಿಹಿಟ್ಟು ಜರಡಿ ಹಿಡಿದಷ್ಟು ಬಿದ್ದು ಮಧ್ಯಾಹ್ನಕ್ಕೆ ನೀರು. ಪ್ರತಿ ಚಳಿಗಾಲವೂ ಆ ಸ್ಕೀಗಳಿಗೆ ಮೇಣ ಸವರುತ್ತಾ "ಈ ವರ್ಷ ಬೀಳುತ್ತೆ ನೋಡು" ಎನ್ನುವರು. ನಾನು "ಹೂಂ, ಬೀಳುತ್ತೆ, ಕಾದಿರಿ" ಎಂದು ರೇಗಿಸುವೆ.

ಆ ವರ್ಷ ಅವರು ಕಾಯುವಂತಿರಲಿಲ್ಲ. ಅರಿಝೋನಾದ ಮರಳುಗಾಡಿನ ಊರೊಂದರಲ್ಲಿರುವ ಮಗಳು ತನ್ನ ಮನೆಗೆ ಕರೆದುಕೊಂಡು ಹೋಗಲು ಬರುವವಳಿದ್ದಳು. ಮನೆ ಮಾರಿಯಾಗಿತ್ತು. ಫೆಬ್ರವರಿಯ ಆ ವಾರವೇ ಹೊರಡುವುದು. ನನಗೆ ಹೇಳಿದಾಗ ಅವರು ಇಂಜಿನ್ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. "ಅಲ್ಲಿ ಹಿಮ ಬೀಳಲ್ಲ, ಯಂಗ್ ಲೇಡಿ" ಎಂದರು. ನಾನು ಕಾರಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ.

ಆಮೇಲೆ ಬಿತ್ತು ನೋಡಿ. ತಾತನ ಮಗಳು ಬರಬೇಕಾದ ದಿನ ಬೆಳಗ್ಗೆ ಶುರುವಾದದ್ದು ಸಂಜೆಯಾದರೂ ನಿಲ್ಲಲಿಲ್ಲ. ಕ್ಯಾರಲ್ಟನ್ನಿಗೆ ಬಂದಂದಿನಿಂದ ಅಂಥ ಹಿಮ ಕಂಡಿರಲಿಲ್ಲ. ಬೇಲಿ ಮೇಲೆ, ಅಂಚೆ ಡಬ್ಬಿ ಮೇಲೆ, ನಾನು ಕುಂಡದಲ್ಲಿ ಬೆಳೆಸಿದ್ದ ಕರಿಬೇವಿನ ಮೇಲೆ ಗೇಣು ಗೇಣು ಬಿಳಿ. ಆಫೀಸಿಗೆ ರಜ, ಶಾಲೆಗೆ ರಜ. ಹಿಂದಿನ ದಿನವೇ ಜನ ಅಂಗಡಿಗೆ ನುಗ್ಗಿ ಬ್ರೆಡ್ಡು ಹಾಲು ಬಾಚಿಕೊಂಡು ಹೋಗಿದ್ದರು, ನಮ್ಮ ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಕೂಡ ಇರಲಿಲ್ಲ. ಏರ್‌ಪೋರ್ಟಿನಲ್ಲಿ ವಿಮಾನಗಳೆಲ್ಲ ನಿಂತವು. ಅವಳ ಫ್ಲೈಟೂ ಕ್ಯಾನ್ಸಲ್ ಆಯಿತು.

ಫೋನ್ ರಿಂಗಾಯಿತು, ತಾತ. "ನನಗೆ ಒಂದು ದಿನ ಜಾಸ್ತಿ ಸಿಕ್ಕಿದೆ. ನಾಳೆ ಬೆಳಗ್ಗೆ ಬರ್ತೀಯಾ?" ಕಣ್ಣಿನ ದೆಸೆಯಿಂದ ಅವರ ಲೈಸೆನ್ಸು ಹೋಗಿತ್ತು. ನಾನು ಕಾರು ತರದೆ ಮೈದಾನಕ್ಕೆ ಹೋಗುವುದು ಸಾಧ್ಯವಿರಲಿಲ್ಲ. ಬರುತ್ತೇನೆ ಎಂದೆ.

ಹಾಗಂತ ಇವರಿಗೆ ಹೇಳಿದೆ, ಕೂಗಾಡಿದರು. "ತಲೆ ಕೆಟ್ಟಿದೆಯೇನೇ ನಿಂಗೆ? ನ್ಯೂಸ್ ನೋಡಿದ್ಯಾ? ರೋಡೆಲ್ಲ ಐಸು! ಕಾರು ಜಾರಿದ್ರೆ ನಾನು ಇಲ್ಲಿಂದ ಬರೋಕಾಗುತ್ತಾ?"

"ಜಾರದೇ ಇದ್ರೂ ನೀವು ಬರಲ್ವಲ್ಲ" ಎಂದುಬಿಟ್ಟೆ. ಆಮೇಲೆ ಮೆತ್ತಗೆ, "ಫ್ಲೈಓವರ್ ಹತ್ತಬೇಡ. ಒಳದಾರೀಲಿ ಹೋಗು. ತಲುಪಿದ ತಕ್ಷಣ ಫೋನ್ ಮಾಡು" ಎಂದರು. ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಇವತ್ತಿಗೂ ಇದೆ.

ಬೆಳಗ್ಗೆ ಎದ್ದು ಕಿಟಕಿ ಪರದೆ ಸರಿಸಿದೆ. ಹಿಮ ನಿಂತಿತ್ತು, ಆದರೆ ಮೋಡ ಇನ್ನೂ ಕವಿದಿತ್ತು. ನೆಲ ಬಿಳಿ, ಮರ ಬಿಳಿ, ಆಕಾಶ ಬಿಳಿ. ತಾತನ ವಿಮಾನವೂ ಬಿಳಿ! ಟೆಕ್ಸಸ್ಸಿನ ನೀಲಿ ಆಕಾಶಕ್ಕೆ ಎದ್ದು ಕಾಣಲಿ ಎಂದು ಕೈಯಾರ ಬಿಳಿ ಹೊದಿಕೆ ಹಾಕಿದ್ದರು. ಇವತ್ತು ಅದನ್ನು ಹಾರಿಸಿದರೆ ಅವರಿಗಿರಲಿ, ನನಗೇ ಕಾಣುವುದಿಲ್ಲ. ಕಾಣದ ವಿಮಾನ ಬಿದ್ದಂತೆಯೇ ಲೆಕ್ಕ. ಇಷ್ಟು ವರ್ಷ ಕಾದು, ಸಿಕ್ಕಿದ ಒಂದೇ ದಿನ, ಅದೂ ಮಧ್ಯಾಹ್ನಕ್ಕೆ ಕರಗುತ್ತದೆ. ಬೇರೆ ಬಣ್ಣದ ಹೊದಿಕೆ ತರೋಣವೆಂದರೆ ಹಾಬಿ ಅಂಗಡಿ ಮುಚ್ಚಿದೆ.

ಆಗ ಹೊಳೆದದ್ದು ಕಣದ ಡ್ರಾಯರು. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆದು ರವಿಕೆ ಕಣ ಕೊಟ್ಟು ಕಳಿಸುವ ಪದ್ಧತಿ ಇದೆಯಲ್ಲ, ಇಲ್ಲೂ ಯಾರೂ ಬಿಟ್ಟಿಲ್ಲ. ಹೊಲಿಯಲು ಟೈಲರ್ ಎಲ್ಲಿದ್ದಾನೆ? ಹಾಗಾಗಿ ಬಂದ ಕಣವನ್ನು ಮಡಿಕೆ ಕೆಡಿಸದೆ ಇನ್ನೊಬ್ಬರಿಗೆ ದಾಟಿಸುವುದು. ಕ್ಯಾರಲ್ಟನ್ನಿನ ವರಮಹಾಲಕ್ಷ್ಮಿಗೆ ಕೊಟ್ಟದ್ದು ಆಸ್ಟಿನ್ ಕಡೆಯ ಸೀಡರ್ ಪಾರ್ಕಿನ ಗೌರಿಹಬ್ಬಕ್ಕೆ ಹೋಗಿ, ಮಿಸೌರಿ ಸಿಟಿಯ ನವರಾತ್ರಿಯಲ್ಲಿ ಕೈ ಬದಲಾಗಿ, ತಿರುಗಿ ನಮ್ಮ ಮನೆಗೇ ಬರುತ್ತದೆ. ಮೂಲೆಯಲ್ಲಿ ಇಂಕಿನ ಕಲೆಯಿದ್ದ ಒಂದು ಕಡುಗೆಂಪು ಕಣವನ್ನು ನಾನು ಕೊಟ್ಟು, ವರ್ಷದ ಮೇಲೆ ಬೇರೆಯವರಿಂದ ಪಡೆದು, "ಅಯ್ಯೋ ಎಷ್ಟು ಚೆನ್ನಾಗಿದೆ!" ಎಂದು ಹೊಗಳಿದ್ದೂ ಉಂಟು. ಅದನ್ನೇ ಎತ್ತಿಕೊಂಡೆ. ಕತ್ತರಿ, ಪ್ಯಾಕಿಂಗ್ ಟೇಪು, ಫ್ಲಾಸ್ಕಿನಲ್ಲಿ ಕಾಫಿ, ಎರಡು ಸ್ಟೀಲ್ ಲೋಟ.

ತಾತನ ಮನೆಯಲ್ಲಿ ಖಾಲಿ ಗೋಡೆ, ಕಟ್ಟಿಟ್ಟ ಡಬ್ಬಗಳು. ಸ್ಕೀ ಆಗಲೇ ವಿಮಾನಕ್ಕೆ ಜೋಡಿಸಿದ್ದರು. ನಾನು ಬಣ್ಣದ ಮಾತು ಎತ್ತಿದ ಕೂಡಲೇ ಹಣೆ ಚಚ್ಚಿಕೊಂಡರು. "ನಮ್ಮೂರಲ್ಲಿ ಎಲ್ಲರದೂ ಕಿತ್ತಳೆ ಬಣ್ಣ ಇರ್ತಿತ್ತು! ಇಲ್ಲಿಗೆ ಬಂದು ಅದನ್ನೇ ಮರೆತುಬಿಟ್ಟೆನಲ್ಲ." ವಿಮಾನವನ್ನು ಬೋರಲು ಹಾಕಿ, ಬಲ ರೆಕ್ಕೆಯ ತಳಕ್ಕೆ ಕೆಂಪು ಕಣವನ್ನು ಬಿಗಿಯಾಗಿ ಎಳೆದು ಅಂಟಿಸಿದೆವು. ಕೆಂಪಿರುವುದು ಬಲ ರೆಕ್ಕೆ, ಕೆಂಪು ಕಂಡರೆ ಹೊಟ್ಟೆ ನಮ್ಮ ಕಡೆ, ಅಷ್ಟು ತಿಳಿದರೆ ಸಾಕು. "ಏನು ಬಟ್ಟೆ ಇದು?" ಎಂದು ಸವರಿ ನೋಡಿದರು. ಮನೆಗೆ ಬಂದವರು ಹೊರಡುವಾಗ ಕೊಡುವುದು ಎಂದೆ. ಹೊರಡುವಾಗ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಟೇಪಿನ ಅಂಚು ತೀಡುತ್ತಾ ಕೂತೆವು.

ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡೇ ಡ್ರೈವ್ ಮಾಡಿದೆ. ಹಿಮದಲ್ಲಿ ಓಡಿಸುವುದು ನನಗೆ ಗೊತ್ತಿಲ್ಲ, ಅವರಿಗೆ ಗೊತ್ತು, ಆದರೆ ದಾರಿ ಕಾಣದು. "ಮುಂದೆ ಸಿಗ್ನಲ್ ಇದೆ" ಎಂದು ನಾನು ಹೇಳಿದರೆ, "ಈಗಲೇ ಕಾಲು ತೆಗಿ, ಬ್ರೇಕ್ ಒತ್ತಬೇಡ" ಎಂದು ಅವರು. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತನ್ನಿಷ್ಟಕ್ಕೆ ಜಾರಿತು, "ಅಯ್ಯಯ್ಯೋ ರಾಮ!" ಎಂದು ಕಿರುಚಿದೆ. "ಜಾರೋ ಕಡೆಗೇ ಸ್ಟಿಯರಿಂಗ್ ತಿರುಗಿಸು" ಎಂದರು, ಕಾಫಿ ಬೇಕು ಎಂದಷ್ಟೇ ತಣ್ಣಗೆ. ತಿರುಗಿಸಿದೆ, ನೆಟ್ಟಗಾಯಿತು.

ಮೈದಾನದಲ್ಲಿ ಒಂದು ನರಪಿಳ್ಳೆಯಿಲ್ಲ. ಗೇಟಿನ ಮುಂದಿನ ಹಿಮವನ್ನು ಕಾಲಿನಲ್ಲೇ ತಳ್ಳಿ ಒಳಗೆ ಹೋದೆವು. ತಾತ ನೇರವಾಗಿ ಹಲಗೆಯ ಹತ್ತಿರ ಹೋಗಿ ನಿಂತರು. ಕ್ಲಿಪ್ಪುಗಳ ಮೇಲೆಲ್ಲ ಐಸು ಕಟ್ಟಿತ್ತು. "ಇರೋದು ನಾವಿಬ್ಬರೇ. ನನ್ನ ರೇಡಿಯೋ ತಂದೇ ಇಲ್ಲ. ಯಾಕೆ ಬೇಕು ಬಿಡಿ" ಎಂದೆ. "ಕ್ಲಿಪ್ ಇಲ್ಲದೆ ಆನ್ ಮಾಡಲ್ಲ" ಎಂದವರು ಬಾಯಿಂದ ಬಿಸಿ ಗಾಳಿ ಊದಿ ಊದಿ ನಮ್ಮ ಕ್ಲಿಪ್ಪನ್ನು ಬಿಡಿಸಿಕೊಂಡು ಟೋಪಿಗೆ ಸಿಕ್ಕಿಸಿದರು.

ಇಂಜಿನ್ನು ಮೊಂಡು ಹಿಡಿಯಿತು. ಮೂತಿಯ ಫ್ಯಾನು ಎಷ್ಟು ತಿರುವಿದರೂ ಒಂದು ಕೆಮ್ಮು, ಅಷ್ಟೆ. ಲೋಟಕ್ಕೆ ಬಿಸಿ ಕಾಫಿ ಬಗ್ಗಿಸಿ ಅದರ ಲೋಹದ ಮೈಗೆ ಒತ್ತಿ ಹಿಡಿದೆ. ತಣ್ಣಗಾದಾಗ ಆ ಕಾಫಿ ನಾನು ಕುಡಿಯುವುದು, ಮತ್ತೆ ಬಿಸಿಯದು ಬಗ್ಗಿಸುವುದು. ಎರಡನೇ ಲೋಟಕ್ಕೆ ಬಿಸಿಯಾಯಿತು, ಕಿರುಚಿಕೊಂಡು ಎದ್ದಿತು.

ಸ್ಕೀಗಳು ಮೆತ್ತಗೆ ಜಾರಿದವು. ಹಿಂದೆ ಹಿಮದ ಪುಡಿ ಎದ್ದಿತು, ಎರಡು ಸಣ್ಣ ಗೆರೆ ಉದ್ದಕ್ಕೆ ಹೋಗಿ ಒಂದು ಕಡೆ ನಿಂತುಹೋಯಿತು, ಅಲ್ಲಿಂದ ಮುಂದೆ ವಿಮಾನ ಗಾಳಿಯಲ್ಲಿತ್ತು. ತಾತ ಕಿವಿಯವರೆಗೆ ನಕ್ಕರು. ನಾನು ಹೇಳುತ್ತಾ ಹೋದೆ: ಎದ್ದಿತು, ನೆಟ್ಟಗಿದೆ, ಎಡಕ್ಕೆ ತಿರುಗಿಸಿ, ಕೆಂಪು ಕಾಣುತ್ತಿದೆ, ಚೆನ್ನಾಗಿದೆ. ಕೆರೆಯ ಮೇಲೆ ಒಂದು ಸುತ್ತು ಬಂದಿತು. ಎರಡನೇ ಸುತ್ತಿನಲ್ಲಿ ನಮ್ಮ ಕಡೆಗೆ ವಾಲಿ ಬಿಳಿ ಬೆನ್ನು ತೋರಿಸಿತು. ಅಷ್ಟೇ. ಇತ್ತು, ಇಲ್ಲ. ಅಕ್ಕಿಹಿಟ್ಟಿನಲ್ಲಿ ಬಿದ್ದ ಉಪ್ಪನ್ನು ಹುಡುಕಿದ ಹಾಗೆ ಆಕಾಶವೆಲ್ಲ ಹುಡುಕಿದೆ.

"ಮಾತಾಡು" ಎಂದರು ತಾತ.

"ಕಾಣ್ತಾ ಇಲ್ಲ. ನನಗೂ ಕಾಣ್ತಾ ಇಲ್ಲ."

ಅವರು ಗಾಬರಿಯಾಗಲಿಲ್ಲ. ಕಣ್ಣು ಮುಚ್ಚಿ ಸದ್ದು ಕೇಳಿದರು. "ಎತ್ತರದಲ್ಲೇ ಇದೆ. ಒಂದೇ ಕಡೆ ವಾಲಿಸಿ ಸುತ್ತಿಸ್ತೀನಿ. ಸುತ್ತಿನಲ್ಲಿ ಒಂದು ಕಡೆ ಹೊಟ್ಟೆ ಕಂಡೇ ಕಾಣುತ್ತೆ. ನೀನು ಕೆಂಪು ಹುಡುಕು."

ಬಿಳಿ, ಬಿಳಿ, ಬರೀ ಬಿಳಿ. ಆಮೇಲೆ ಎಡಗಡೆ, ನಾನು ನೋಡುತ್ತಿದ್ದ ಜಾಗದಿಂದ ಬಹಳ ಆಚೆ, ಬೆರಳುಗುರಿನಷ್ಟು ಕೆಂಪು.

"ಬಂತು! ಬಂತು ನೋಡಿ, ಅಲ್ಲಿ, ಅಲ್ಲೀ!" ಕನ್ನಡದಲ್ಲೇ ಕೂಗಿಬಿಟ್ಟಿದ್ದೆ. ಅವರಿಗೆ ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ. ನಗುತ್ತಾ "ಎಡಕ್ಕೋ ಬಲಕ್ಕೋ ಹೇಳು ಮಾರಾಯ್ತಿ" ಎಂಬಂಥ ಏನನ್ನೋ ಅಂದರು. ಹೇಳುತ್ತಾ ಹೇಳುತ್ತಾ ಇಳಿಸಿದೆವು. ಕೊನೆಯಲ್ಲಿ ಮೂತಿ ಹಿಮದಲ್ಲಿ ಹೂತು ನಿಂತಿತು, ಏನೂ ಮುರಿಯಲಿಲ್ಲ. ತಾತ ಎರಡು ಕೈಯಲ್ಲೂ ರೇಡಿಯೋ ಹಿಡಿದು ನಿಂತಿದ್ದರು, ಗಲ್ಲ ಒದ್ದೆಯಾಗಿತ್ತು. ನಾನೂ ಅಳುತ್ತಿದ್ದೆ. ಅವರ ಆಸೆ ತೀರಿದ ಸಂತೋಷಕ್ಕೆ ಸ್ವಲ್ಪ, ಮುಂದಿನ ಶನಿವಾರವನ್ನು ನೆನೆದು ಬಹಳ.

ಆಮೇಲೆ ಟೋಪಿಯಿಂದ ಕ್ಲಿಪ್ಪು ಕಿತ್ತು ನನ್ನ ಅಂಗೈಯಲ್ಲಿಟ್ಟರು. "ನಿನ್ನ ಸರದಿ."

"ನಾನು ವಿಮಾನ ತಂದಿಲ್ಲ."

"ಇದನ್ನೇ ಹಾರಿಸು. ನಾನು ಕಾಯ್ತೀನಿ."

ಹಾರಿಸಿದೆ. ಕೆಂಪು ಹೊಟ್ಟೆ ಸದಾ ನಮ್ಮ ಕಡೆಗೇ ಇರುವಂತೆ, ಹುಷಾರಾಗಿ. ಅವರು ಪಕ್ಕದಲ್ಲಿ ನಿಂತು, ಕಾಣದ ಆಕಾಶದ ಕಡೆ ಮುಖ ಮಾಡಿ, "ಈಗ ಏನು ಮಾಡ್ತಿದೆ?" ಎಂದು ಕೇಳುವರು. ಕೆರೆ ದಾಟುತ್ತಿದೆ ಎಂದೆ. ಆ ಒಣಮರದ ಮೇಲಿದೆ ಎಂದೆ. ಈಗ ಮನೆ ಕಡೆ ತಿರುಗಿದೆ ಎಂದೆ. ಅರ್ಧ ಟ್ಯಾಂಕು ಖಾಲಿಯಾಗುವವರೆಗೆ ಹಾರಿಸಿ ಇಳಿಸಿದೆ. ಅಷ್ಟು ಹೊತ್ತಿಗೆ ಮೋಡ ಹರಿದು ಬಿಸಿಲು ಬಿದ್ದು, ಶೆಡ್ಡಿನ ತಗಡಿನಿಂದ ನೀರು ತೊಟ್ಟಿಕ್ಕಲು ಶುರುವಾಗಿತ್ತು.

ಮರುದಿನ ತಾತನ ಮಗಳು ಬಂದು ಅವರನ್ನು ಕರೆದುಕೊಂಡು ಹೋದಳು. ವಿಮಾನವನ್ನೂ ಕೊಂಡೊಯ್ದರು, ಕಣ ಕೀಳಲು ಬಿಡಲಿಲ್ಲ. ಕೆಲವು ಸಲ ಫೋನ್ ಮಾಡಿದರು. ಅಲ್ಲಿ ಕ್ಲಬ್ಬು ದೂರವಂತೆ, ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇಲ್ಲವಂತೆ. ಆಮೇಲೆ ಒಂದು ದಿನ ಮಗಳೇ ಫೋನ್ ಮಾಡಿ ತಾತ ತೀರಿಕೊಂಡರೆಂದಳು, ಅದೂ ಮುಗಿಯಿತು. ಈ ಊರುಗಳಲ್ಲಿ ನಾನು ಕೊಟ್ಟ ಕಣವೆಲ್ಲ ಸುತ್ತಿ ಸುತ್ತಿ ನನ್ನ ಡ್ರಾಯರಿಗೇ ಬರುತ್ತದೆ. ಆ ಕೆಂಪೊಂದು ಬರಲಿಲ್ಲ.

ನಮ್ಮ ಚಾನೆಲ್ಲಿಗೆ ಹೊಸಬರು ಯಾರೂ ಸೇರಲಿಲ್ಲ. ಕ್ಲಿಪ್ಪು ಈಗ ಪೂರ್ತಿ ನನ್ನದು. ಟ್ಯಾಂಕು ಖಾಲಿಯಾಗುವವರೆಗೆ ಹಾರಿಸಿದರೂ, ಇಡೀ ದಿನ ಹಾರಿಸಿದರೂ ಕೇಳುವವರಿಲ್ಲ. ಆದರೆ ನಾನು ಅರ್ಧ ಟ್ಯಾಂಕಿಗೇ ಇಳಿಸಿಬಿಡುತ್ತೇನೆ. ಹೋಗಿ ಕ್ಲಿಪ್ಪನ್ನು ಹಲಗೆಗೆ ಸಿಕ್ಕಿಸಿ, ರೇಡಿಯೋ ಆಫ್ ಮಾಡಿ, ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಖಾಲಿ ಆಕಾಶದ ಕೆಳಗೆ ಕೂರುತ್ತೇನೆ. ತಾತನ ಸರದಿ ಮುಗಿಯುವಷ್ಟು ಹೊತ್ತಾದ ಮೇಲೆ ಎದ್ದು ಹೋಗಿ ಮತ್ತೆ ತೆಗೆದುಕೊಳ್ಳುತ್ತೇನೆ.